ಟ್ರಕ್ಕು ಕೇಂದ್ರದ್ದು, ಚೀಲ ರಾಜ್ಯದ್ದು, ಕೈ ಯಾರದ್ದು?

ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಸೆಪ್ಟೆಂಬರಿನ ಕೊನೆಯ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ, ನಿಮ್ಮ ಪಡೆಯ ಕಟ್ಟಡದ ಹಿಂದಿನ ಅಂಗಳದಲ್ಲಿ, ನಿಮ್ಮ ಸಮವಸ್ತ್ರ ತೊಟ್ಟು, ನಿಮ್ಮ ಸಾರ್ಜೆಂಟ್ ಹೇಳಿದ ಕೆಲಸ ಮಾಡುತ್ತಿದ್ದ ನನ್ನ ಮಗಳು ಶರ್ವಾಣಿಯ ಬಲಗೈ ಮೇಲೆ ಟ್ರಕ್ಕಿನ ಹಿಂಬಾಗಿಲು ಬಿತ್ತು. ಆ ಹೊತ್ತಿನಲ್ಲಿ ಅವಳು ರಾಜ್ಯದ ಸೈನಿಕಳಾಗಿರಲಿಲ್ಲ ಎಂದು ನಿಮ್ಮ ಕಚೇರಿ ಬರೆದಿದೆ. ಕೇಂದ್ರದ ಸೈನಿಕಳೂ ಆಗಿರಲಿಲ್ಲ ಎಂದು ಕೇಂದ್ರದ ಕಚೇರಿ ಬರೆದಿದೆ. ಹಾಗಾದರೆ ಅವಳು ಯಾರವಳು? ಪ್ರಶ್ನೆ ಇದೊಂದೇ. ಉಳಿದದ್ದೆಲ್ಲ ವಿವರಣೆ.

ಇದನ್ನು ಇಂಗ್ಲಿಷಿನಲ್ಲಿ ಹನ್ನೊಂದು ಸಲ ಕೇಳಿದ್ದೇನೆ. ಪ್ರತಿ ಸಲವೂ ಮರ್ಯಾದೆಯ ಉತ್ತರ ಬಂದಿದೆ: ನನ್ನ ಕಳಕಳಿ ನಿಮಗೆ ಮುಖ್ಯವಂತೆ, ನನ್ನ ಮಗಳ ಸೇವೆಗೆ ನೀವು ಕೃತಜ್ಞರಂತೆ. ಯಾವ ಸೇವೆ, ಮಾನ್ಯರೇ? ಆಗ ಅವಳು ಸೇವೆಯಲ್ಲೇ ಇರಲಿಲ್ಲ ಎಂಬುದು ಅದೇ ಪತ್ರದ ಎರಡನೆಯ ಪ್ಯಾರಾ. ಆದ್ದರಿಂದ ಹನ್ನೆರಡನೆಯದನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಕೂಟದ ಪತ್ರಿಕೆಗೆ ಕೊಡುತ್ತಿದ್ದೇನೆ. ಕೂಟದ ಇನ್ನೂ ನಾಲ್ಕು ಮನೆಯ ಮಕ್ಕಳು ನಿಮ್ಮ ಪಡೆಯಲ್ಲಿದ್ದಾರೆ. ಅವರ ಅಪ್ಪ ಅಮ್ಮಂದಿರಾದರೂ ಓದಲಿ. ನಿಮಗಾಗಿ ನನ್ನ ಹೆಂಡತಿ ಸ್ಮಿತಾ ಇದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾಳೆ. ಪ್ರಾಸಗಳನ್ನೆಲ್ಲ ಕಿತ್ತು ಹಾಕುತ್ತಾಳೆ. ಅದು ಅವಳ ಇಪ್ಪತ್ತೆರಡು ವರ್ಷದ ಆಸೆ.

ನಾನು ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ ಬಿ.ಎ. ಮುಗಿಸಿದವನು. ವುಡ್‌ಬ್ರಿಡ್ಜ್‌ನಲ್ಲಿ ಹದಿನಾಲ್ಕು ವರ್ಷದಿಂದ ಕಾರು ಓಡಿಸುವುದನ್ನು ಕಲಿಸುತ್ತೇನೆ. ಸ್ಮಿತಾ ಮಾರಿಸ್‌ಟೌನಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತಾಳೆ. ನಾಲ್ಕು ವರ್ಷದವಳಾಗಿ ಈ ದೇಶಕ್ಕೆ ಬಂದ ಶರ್ವಾಣಿಗೆ ಈಗ ಇಪ್ಪತ್ತೊಂದು. ಡೆಂಟಲ್ ಹೈಜೀನ್ ಓದುತ್ತಿದ್ದಾಳೆ, ಅಂದರೆ ಜನರ ಹಲ್ಲು ತೊಳೆದು ಕೊಡುವ ವಿದ್ಯೆ. ಪೂರ್ತಿ ಬೆರಳಿನ ಕೆಲಸ. ಎರಡು ವರ್ಷದ ಹಿಂದೆ, ನಿಮ್ಮ ಪಡೆಗೆ ಸೇರುತ್ತೇನೆ ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದಳು.

"ಮಿಲಿಟ್ರಿನಾ? ದೀಪಾವಳಿ ಪಟಾಕಿಗೇ ಕಿವಿ ಮುಚ್ಕಳ್ಳೋ ಮಂದಿ ಕಣೇ ನಾವು," ಎಂದಳು ಸ್ಮಿತಾ.

"ಅಮ್ಮಾ, ಮಿಲಿಟರಿ ಮಿಲಿಟರಿ ಅಲ್ಲ. ಇಟ್ಸ್ ದ ಗಾರ್ಡ್. ತಿಂಗಳಿಗೆ ಒನ್ ವೀಕೆಂಡ್. ಫ್ಲಡ್ ಬಂದ್ರೆ ಹೋಗ್ತೀವಿ, ಸ್ನೋ ಬಿದ್ರೆ ಹೋಗ್ತೀವಿ. ಕಾಲೇಜ್ ಟ್ಯೂಷನ್ ಸ್ಟೇಟ್ ನೋಡ್ಕೊಳುತ್ತೆ."

"ನಿಂಗೆ ಆರ್ಡರ್ ಮಾಡೋರು ಯಾರು?"

"ಗವರ್ನರ್. ಆರ್ ದ ಪ್ರೆಸಿಡೆಂಟ್. ಡಿಪೆಂಡ್ಸ್."

"ಅದೇನ್ ಡಿಪೆಂಡ್ಸೋ. ಒಂದೇ ಮನೇಲಿ ಇಬ್ರು ಅತ್ತೆ ಇದ್ದಂಗಾತು."

ನಾವು ಮೂವರೂ ನಕ್ಕೆವು. ಪ್ರಮಾಣವಚನದ ದಿನ ನಾನು ಕೋಟು ಹಾಕಿಕೊಂಡು ಬಂದಿದ್ದೆ. ದೇಶದ ಸಂವಿಧಾನವನ್ನೂ ರಾಜ್ಯದ ಸಂವಿಧಾನವನ್ನೂ ಕಾಪಾಡುತ್ತೇನೆ, ಅಧ್ಯಕ್ಷರ ಆಜ್ಞೆಯನ್ನೂ ಗವರ್ನರ್ ಆಜ್ಞೆಯನ್ನೂ ಪಾಲಿಸುತ್ತೇನೆ ಎಂದು ಅವಳು ಕೈ ಎತ್ತಿ ಹೇಳಿದಳು. ಎತ್ತಿದ್ದು ಬಲಗೈ ಎಂಬುದನ್ನು ದಯವಿಟ್ಟು ಗಮನಿಸಿ. ಆಣೆಗೆ ಇಬ್ಬರು ಧಣಿ ಇದ್ದರು. ಹೊಣೆಗೆ ಖಾಲಿ ಗೋಣಿ ಎಂಬುದು ಆಮೇಲೆ ತಿಳಿಯಿತು.

ಆ ಸೆಪ್ಟೆಂಬರಿನಲ್ಲಿ ರಾರಿಟನ್ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಗವರ್ನರ್ ಪಡೆಯನ್ನು ಕರೆದರು. ಶರ್ವಾಣಿ ಐದು ದಿನ ಎತ್ತರದ ಟ್ರಕ್ಕಿನಲ್ಲಿ ನಿಂತು ಜನರನ್ನು ಮನೆಗಳಿಂದ ಹತ್ತಿಸಿಕೊಂಡಳು. "ಅಪ್ಪಾ, ಇವತ್ತು ಒಬ್ಬ ಗುಜರಾತಿ ಅಜ್ಜೀನ ಎತ್ಕೊಂಡು ಬಂದೆ. ಪ್ರೆಷರ್ ಕುಕ್ಕರ್ ಬಿಟ್ಟು ಬರಲ್ಲ ಅಂದ್ರು. ಸೋ, ಬೋತ್," ಎಂದು ಬುಧವಾರ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಆಮೇಲೂ ಕೇಳಿಲ್ಲ.

ಗುರುವಾರ ಸಂಜೆ ಸುದ್ದಿ ಬಂತು. ಇದೇ ತುಕಡಿ ಕೇಂದ್ರ ಸರ್ಕಾರಕ್ಕೆ ಬೇಕಾಗಿದೆ. ಇನ್ನೊಂದು ರಾಜ್ಯದ ನಗರದಲ್ಲಿ ಕೇಂದ್ರದ ಕಟ್ಟಡಗಳನ್ನು ಕಾಯಬೇಕು. ಆ ರಾಜ್ಯದ ಗವರ್ನರ್ ಪರರಾಜ್ಯದ ಸೈನಿಕರು ತನಗೆ ಬೇಡವೆಂದು ದಿನಕ್ಕೆರಡು ಸಲ ಟಿವಿಯಲ್ಲಿ ಹೇಳುತ್ತಿದ್ದರು. ನಮ್ಮ ಗವರ್ನರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನೀವು ಪಟ್ಟಿ ಸಿದ್ಧ ಮಾಡಿದಿರಿ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ರಾಜ್ಯದ ಕೆಲಸ ಮುಗಿಯಿತು ಎಂದು ಎಲ್ಲರಿಗೂ ಓದಿ ಹೇಳಿದರು. ಹತ್ತೂವರೆಗೆ ಅದೇ ಕಟ್ಟಡದ ಸಭಾಂಗಣದಲ್ಲಿ ಒಂದು ಮೇಜು ಹಾಕಿದರು. ಕೇಂದ್ರದ ಕೆಲಸಕ್ಕೆ ಹೋಗುವವರು ಅಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಸಹಿ ಬಿದ್ದ ಕ್ಷಣದಿಂದ ಅವರು ಕೇಂದ್ರದವರು. ಹನ್ನೆರಡೂವರೆವರೆಗೆ ಸಮಯ. ಸ್ವಂತ ಇಷ್ಟದ ಮೇಲೆ ಎಂದರು. ಸಾಲು ಮೇಜಿನಿಂದ ಬಾಗಿಲವರೆಗೆ ನಿಂತಿತ್ತು.

ಶರ್ವಾಣಿ ಸಾಲಿಗೆ ನಿಲ್ಲಲಿಲ್ಲ. ಹನ್ನೆರಡರ ಮೇಲೆ ಸಹಿ ಮಾಡೋಣವೆಂದು ಗೋಡೆಗೊರಗಿ ನಿಂತಳು. ಕಾರಣವನ್ನು ಮುಂದೆ ಹೇಳುತ್ತೇನೆ. ಈ ಪತ್ರ ಬಹಿರಂಗವಾಗಿರುವುದು ಆ ಕಾರಣಕ್ಕೇ. ಎಲ್ಲರಿಗಿಂತ ಮೊದಲು ಸಹಿ ಮಾಡಿ ಬಂದ ಸಾರ್ಜೆಂಟ್ ಅವಳನ್ನು ನೋಡಿ, ಸುಮ್ಮನೆ ನಿಂತಿದ್ದೀಯಲ್ಲ, ಹಿಂದಿನ ಟ್ರಕ್ಕಿನಿಂದ ಮರಳಿನ ಚೀಲ ಇಳಿಸು ಎಂದ. "ಐ ಸೆಡ್ ಎಸ್, ಸಾರ್ಜೆಂಟ್. ಮತ್ತೇನ್ ಹೇಳ್ಲಿ ಅಪ್ಪಾ?" ಎಂದಳು ಆಸ್ಪತ್ರೆಯಲ್ಲಿ. ಹಿಂಬಾಗಿಲಿನ ಕೊಂಡಿ ಸರಿಯಾಗಿ ಕೂತಿರಲಿಲ್ಲ. ತೋರುಬೆರಳು, ನಡುಬೆರಳು.

ಟ್ರಕ್ಕು ಕೇಂದ್ರ ಕೊಟ್ಟದ್ದು. ಚೀಲ ರಾಜ್ಯದ್ದು. ಅಂಗಳ ರಾಜ್ಯದ್ದು. ಆಜ್ಞೆ ಕೊಟ್ಟವನು ಅರ್ಧ ಗಂಟೆಯ ಹಿಂದಷ್ಟೇ ಕೇಂದ್ರದವನಾಗಿದ್ದ. ಕೈ ಮಾತ್ರ ಯಾರದ್ದೂ ಅಲ್ಲ. ನಿಮ್ಮ ಪತ್ರದ ಪ್ರಕಾರ ಹತ್ತು ಗಂಟೆಗೆ ಅವಳು ಬಿಡುಗಡೆ ಹೊಂದಿದ ಸಾಮಾನ್ಯ ಪ್ರಜೆ. ಕೇಂದ್ರದ ಪತ್ರದ ಪ್ರಕಾರ ಸಹಿ ಮಾಡದ ಸಾಮಾನ್ಯ ಪ್ರಜೆ. ಹಾಗಿದ್ದರೆ ಕೇಂದ್ರದ ಸೈನಿಕನೊಬ್ಬ ರಾಜ್ಯದ ಕಟ್ಟಡದಲ್ಲಿ ಒಬ್ಬ ಸಾಮಾನ್ಯ ಪ್ರಜೆಗೆ ಆಜ್ಞೆ ಮಾಡಿ ಚೀಲ ಹೊರಿಸಿದನೇ? ಅದಕ್ಕೆ ನಿಮ್ಮ ಕಾನೂನಿನಲ್ಲಿ ಬೇರೆ ಹೆಸರಿರಬೇಕು. ಅತ್ತ ರಾಜ್ಯ, ಇತ್ತ ಕೇಂದ್ರ, ನಡುವೆ ಒಂದು ರಂಧ್ರ. ಅಗಲ ಎಷ್ಟೆಂದು ಕೇಳಿದರೆ ಹೇಳಬಲ್ಲೆ: ಒಬ್ಬ ಹುಡುಗಿ ಹಿಡಿಸುವಷ್ಟು.

ನಮ್ಮ ಮನೆಯ ಇನ್ಶೂರೆನ್ಸ್‌ನವರು ಮಾತ್ರ ಅವಳನ್ನು ಒಂದೇ ನೋಟಕ್ಕೆ ಸೈನಿಕಳೆಂದು ಒಪ್ಪಿದರು. ಸಮವಸ್ತ್ರದಲ್ಲಿ, ಮೇಲಿನವರ ಆಜ್ಞೆಯಂತೆ ಮಾಡುವಾಗ ಆದ ಗಾಯ. ಆದ್ದರಿಂದ ಇದು ಕೆಲಸದ ಗಾಯ. ಕೆಲಸ ಕೊಟ್ಟವರನ್ನೇ ಕೇಳಿ ಎಂದರು. ಈ ದೇಶದಲ್ಲಿ ನನ್ನ ಮಗಳ ಸೈನಿಕತನವನ್ನು ಗೌರವಿಸಿದ ಏಕೈಕ ಸಂಸ್ಥೆ ಅದು, ಗೌರವಿಸಿದ್ದು ಕೈಬಿಡುವ ಸಲುವಾಗಿ. ಮೊದಲ ಆಪರೇಷನ್ ತುರ್ತು ಎಂದು ಅಂದೇ ಆಯಿತು. ಎರಡನೆಯದು ಆಗಬೇಕು. ಕೈ ನೋಡುವ ಡಾಕ್ಟರ್ ಅರ್ಪಿತಾ ನಮ್ಮವರೇ, ಮುಚ್ಚುಮರೆಯಿಲ್ಲದೆ ಹೇಳಿದರು: "ಮಾರ್ಚ್ ಮುಗಿಯೋದ್ರೊಳಗೆ ಬೆರಳು ಮಡಚೋ ಟೆಂಡನ್‌ಗೆ ಕಸಿ ಮಾಡ್ಬೇಕು ಸರ್. ಆಮೇಲೆ ಕೀಲು ಬಿಗಿದುಬಿಡುತ್ತೆ. ನಾನು ಎಷ್ಟು ಚೆನ್ನಾಗ್ ಮಾಡಿದ್ರೂ ಬೆರಳು ಮಡಚೋದಿಲ್ಲ. ಆ ಡ್ಯೂಟಿ ಪೇಪರ್ ಒಂದು ತರ್ಸಿಬಿಡಿ." ಡ್ಯೂಟಿ ಪೇಪರ್ ಎಂದರೆ, ಗಾಯವಾದಾಗ ಇವಳು ಕರ್ತವ್ಯದಲ್ಲಿದ್ದಳು ಎಂದು ನೀವೋ ಅವರೋ ಬರೆದುಕೊಡುವ ಒಂದು ಹಾಳೆ. ಇಂದು ಫೆಬ್ರವರಿ ಹದಿನೆಂಟು.

ನನ್ನ ಕಸುಬಿನಿಂದ ಒಂದು ಉದಾಹರಣೆ ಕೊಡುತ್ತೇನೆ. ನಾನು ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇವೆ, ಒಂದು ಕಲಿಯುವವರ ಕಾಲಡಿ, ಇನ್ನೊಂದು ನನ್ನ ಕಾಲಡಿ. ಸಂವಿಧಾನವನ್ನು ನಾನು ಪೌರತ್ವದ ಪರೀಕ್ಷೆಗೆ ಬೇಕಾದಷ್ಟೇ ಓದಿದ್ದೇನೆ, ಆದರೆ ನಿಮ್ಮ ಪಡೆಯೂ ಹೆಚ್ಚುಕಡಿಮೆ ಇಂಥ ಕಾರೇ ಎಂದು ತಿಳಿದಿದ್ದೇನೆ. ತಾಲೀಮು ಕೊಡುವುದು ರಾಜ್ಯ, ಬೇಕೆಂದಾಗ ಕರೆಯುವುದು ಕೇಂದ್ರ. ಇರಲಿ. ಹೋದ ವರ್ಷ ನನ್ನ ಬಳಿ ಕಲಿಯುತ್ತಿದ್ದ ನಮ್ಮ ಬೀದಿಯ ಸತ್ಯನಾರಾಯಣ ಅಂಕಲ್, ವಯಸ್ಸು ಅರವತ್ತೆಂಟು, ಐಸೆಲಿನ್ ರೈಲ್ವೆ ನಿಲ್ದಾಣದ ಹತ್ತಿರ ಎಡಕ್ಕೆ ತಿರುಗುವ ಬದಲು ಅಂಚೆಪೆಟ್ಟಿಗೆಗೆ ತಿರುಗಿದರು. ಪೊಲೀಸರು ಬಂದರು. "ಬ್ರೇಕು ಇವರು ಒತ್ತುತ್ತಾರೆ ಅಂದ್ಕೊಂಡೆ," ಎಂದರು ಅಂಕಲ್. ಪೊಲೀಸರು ನಗಲಿಲ್ಲ. ಪೆಟ್ಟಿಗೆಯ ದಂಡ ನನ್ನ ತಲೆಗೆ ಬಂತು, ಬರಬೇಕಾದದ್ದೇ. ಬ್ರೇಕ್ ಎರಡಿದ್ದವು, ಆದ್ದರಿಂದ ಕಾರು ಯಾರದ್ದೂ ಅಲ್ಲ ಎಂದು ನಾನು ವಾದಿಸಿದ್ದರೆ ನನ್ನ ಲೈಸೆನ್ಸ್ ಏನಾಗುತ್ತಿತ್ತು? ನಿಮ್ಮದು ಇನ್ನೂ ಇದೆ.

ಸ್ಮಿತಾಳನ್ನು ಕಾಯುವಾಗ ಮಾರಿಸ್‌ಟೌನಿನಲ್ಲಿ ಕೆಲವು ಸಲ ಗುಡ್ಡದ ಕಡೆ ಹೋಗುತ್ತೇನೆ. ಈ ದೇಶದ ಸ್ವಾತಂತ್ರ್ಯ ಯುದ್ಧದ ಸೈನ್ಯ ಹಿಮದಲ್ಲಿ ಚಳಿಗಾಲ ಕಳೆದ ಜಾಗ. ದೇಶದ ಸೈನ್ಯ ಬೇರೆ, ರಾಜ್ಯಗಳ ದಳ ಬೇರೆ, ಧಾನ್ಯ ಕಳಿಸಬೇಕಾದವರು ಯಾರೆಂದು ಮೇಲಿನವರಲ್ಲಿ ಪತ್ರವ್ಯವಹಾರ, ಕೆಳಗೆ ಹಸಿವು. ಎರಡೂವರೆ ಶತಮಾನವಾಗುತ್ತ ಬಂತು. ಅದಾದ ಮೇಲೆ ನಿಮ್ಮ ಹಿರಿಯರು ಕೂತು ಈ ಪಡೆಯ ಮೇಲಿನ ಅಧಿಕಾರವನ್ನು ಬಲು ಜಾಣತನದಿಂದ ಹಂಚಿದರು. ಹೊಣೆಯನ್ನು ಹಂಚುವಷ್ಟರಲ್ಲಿ ಊಟದ ಗಂಟೆ ಹೊಡೆದಿರಬೇಕು.

ಈಗ ಆ ಕಾರಣ. ನಿಮ್ಮ ಕಡತದಲ್ಲಿ, ಹತ್ತೂವರೆಗೆ ಏಕೆ ಸಹಿ ಮಾಡಲಿಲ್ಲ ಎಂಬಲ್ಲಿ ಶರ್ವಾಣಿ ಎಡಗೈಯಲ್ಲಿ ಬರೆದದ್ದು "ವೈಯಕ್ತಿಕ ಕಾರಣ" ಎಂದು. ಅದರ ಕೆಳಗೆ ನಿಮ್ಮವರು ಸೇರಿಸಿದ್ದು "ಕೇಂದ್ರ ಸೇವೆಯನ್ನು ನಿರಾಕರಿಸಿದ್ದಾಳೆ" ಎಂದು. ಇದು ಸುಳ್ಳು. ಅವಳು ಯಾವುದನ್ನೂ ನಿರಾಕರಿಸಲಿಲ್ಲ. ಆ ವೈಯಕ್ತಿಕ ಕಾರಣ ನಾನು.

ಅಂದು ಹತ್ತೂಕಾಲಿಗೆ ಅವಳು ಫೋನ್ ಮಾಡಿದಳು. ನಾನು ಎರಡು ಪಾಠಗಳ ನಡುವೆ ಮನೆಗೆ ಬಂದು ಅವಲಕ್ಕಿ ತಿನ್ನುತ್ತಿದ್ದೆ.

"ಅಪ್ಪಾ, ಸ್ಟೇಟ್ ಆರ್ಡರ್ಸ್ ಮುಗೀತು. ಹತ್ತೂವರೆಗೆ ಫೆಡರಲ್ ಪೇಪರ್ ಸೈನ್ ಮಾಡ್ತಿದೀನಿ. ನಾಳೆ ಹೊರಡೋದು."

ನಾನು ಗೋಡೆಯ ಕಡೆ ನೋಡಿದೆ. "ಇವತ್ತು ಶುಕ್ರವಾರ ಕಣಮ್ಮ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹೊಸ ಕಾಗ್ದಕ್ಕೆ ಸೈನ್ ಮಾಡಬಾರ್ದು."

"ಆರ್ ಯು ಸೀರಿಯಸ್? ದಿಸ್ ಈಸ್ ದ ಆರ್ಮಿ, ಅಪ್ಪಾ."

"ಆರ್ಮಿಗೇನ್ ರಾಹು ರಜಾ ಕೊಟ್ಟಾನಾ? ಹನ್ನೆರಡು ಹೊಡೀಲಿ. ಆಮೇಲೆ ಮಾಡು."

"ಫೈನ್. ಲೈನ್ ಹೆಂಗೂ ಉದ್ದ ಇದೆ. ಬಟ್ ಯು ಆರ್ ಸೋ ವಿಯರ್ಡ್."

ಇಪ್ಪತ್ತೊಂದು ವರ್ಷದಲ್ಲಿ ನನ್ನ ಮಗಳು ನಾನು ಹೇಳಿದ್ದನ್ನು ಒಂದೇ ಮರುಮಾತಿಗೆ ಒಪ್ಪಿ ಕೇಳಿದ್ದು ಹೆಚ್ಚುಕಡಿಮೆ ಅದೊಂದೇ ಸಲ.

ನಮ್ಮ ಮತದ ಹಿರಿಯರು ಗಳಿಗೆ ಮುಹೂರ್ತ ನೋಡಬೇಡಿ ಎಂದು ಸಾರಿ ಹೋದವರು. ಅವರ ಪಟ ನಮ್ಮ ಅಡುಗೆಮನೆಯ ಗೋಡೆಯಲ್ಲಿದೆ. ಅದರ ಪಕ್ಕದ ಮೊಳೆಗೆ ಓಕ್ ಟ್ರೀ ರೋಡಿನ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇದೆ. ಅಕ್ಟೋಬರಿನ ಒಂದು ಸಂಜೆ ಸ್ಮಿತಾ ಅದರ ಮುಂದೆ ನಿಂತು ಬಹಳ ಹೊತ್ತು ಓದಿದಳು.

"ರೀ, ಇದು ಬೆಂಗ್ಳೂರು ಪಂಚಾಂಗ."

"ಆದ್ರೆ?"

"ರಾಹುಕಾಲನ ಸೂರ್ಯ ಹುಟ್ಟೋದ್ರಿಂದ ಎಣಿಸ್ಬೇಕಲ್ವೇನ್ರಿ. ಅಲ್ಲಿ ಹುಟ್ಟೋ ಹೊತ್ತು ಬೇರೆ, ಇಲ್ಲಿ ಬೇರೆ." ಅವಳು ಫೋನಿನಲ್ಲಿ ಹುಡುಕಿದಳು. "ಆವತ್ತು ಇಲ್ಲಿ ಹನ್ನೊಂದೂಕಾಲರ ಮೇಲೆ ಶುರುವಾಗಿ ಒಂದರ ಹತ್ರ ಮುಗ್ದೈತೆ. ಹತ್ತೂವರೆಗೆ ಏನೂ ಇರ್ಲಿಲ್ಲ. ನೀವು ಹೇಳಿದ ಹನ್ನೆರಡರ ಹೊತ್ತೇ ಕೆಟ್ಟ ಹೊತ್ತು."

ಅಂದರೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಬೆಂಗಳೂರಿನ ರಾಹುವಿಗೆ ಇಲ್ಲಿ ಅಧಿಕಾರವಿರಲಿಲ್ಲ. ಇಲ್ಲಿಯ ರಾಹು ಇನ್ನೂ ಡ್ಯೂಟಿಗೆ ಬಂದಿರಲಿಲ್ಲ. ಇಬ್ಬರೂ ಕೈ ತೊಳೆದುಕೊಳ್ಳಬಹುದು. ಅವರು ಕೂಡ ನನಗೊಂದು ಪತ್ರ ಬರೆದು ಕೃತಜ್ಞತೆ ಹೇಳಿದರೆ ಆಶ್ಚರ್ಯವಿಲ್ಲ.

ಇನ್ನೂ ಒಂದು ಮಾತಿದೆ. ಸ್ಮಿತಾಳಿಗೂ ಇದನ್ನು ಹೇಳಿಲ್ಲ, ಅನುವಾದಿಸುವಾಗ ತಿಳಿಯುತ್ತದೆ. ನಾನು ರಾಹುಕಾಲವನ್ನು ಅಷ್ಟೇನೂ ನಂಬುವವನಲ್ಲ. ಕಾರಿನ ಪಾಠಗಳನ್ನು ಎಷ್ಟೋ ಸಲ ಅದೇ ಹೊತ್ತಿನಲ್ಲಿ ಶುರು ಮಾಡಿದ್ದೇನೆ. ನನಗೆ ಅವಳು ಆ ಪರರಾಜ್ಯಕ್ಕೆ ಹೋಗುವುದು ಬೇಡವಾಗಿತ್ತು. ನೀರಿನಿಂದ ಅಜ್ಜಿಯನ್ನು ಎತ್ತಿದವಳು, ಬೇಡವೆಂದು ಕೂಗುವ ಊರಿನಲ್ಲಿ ಬಂದೂಕು ಹಿಡಿದು ನಿಲ್ಲುವುದು ಬೇಡವಾಗಿತ್ತು. ಹಾಗೆಂದು ಹೇಳಿದ್ದರೆ "ಇಟ್ಸ್ ಮೈ ಡಿಸಿಷನ್" ಎನ್ನುತ್ತಿದ್ದಳು, ಸರಿಯೂ ಆಗಿರುತ್ತಿತ್ತು. ಒಂದೂವರೆ ಗಂಟೆ ಸಿಕ್ಕರೆ ಸ್ಮಿತಾಳಿಗೆ ಫೋನ್ ಮಾಡಿ ಅವಳಿಂದ ಬೇಡ ಅನ್ನಿಸಬಹುದು ಎಂದುಕೊಂಡೆ. ಸ್ಮಿತಾ ಮೀಟಿಂಗಿನಲ್ಲಿದ್ದಳು. ಬೇಡ ಎನ್ನುವ ಧೈರ್ಯವಿಲ್ಲದ ನನಗೆ ರಾಹು ಸಿಕ್ಕಿದ. ಬೇಡ ಎನ್ನುವ ಅಧಿಕಾರವಿದ್ದ ನಿಮಗೆ ಕೇಂದ್ರ ಸಿಕ್ಕಿತು. ನನಗೂ ನಿಮಗೂ ಇರುವ ವ್ಯತ್ಯಾಸ, ನಾನು ಇದನ್ನು ಹೆಸರು ಹಾಕಿ ಬರೆಯುತ್ತಿದ್ದೇನೆ.

ಅಪ್ಪ ಹೇಳಿದ ಎಂದೇ ಬರೆಯಬಹುದಿತ್ತಲ್ಲ ಎಂದು ಶರ್ವಾಣಿಯನ್ನು ಕೇಳಿದೆ. "ವಾಟ್ ವುಡ್ ಐ ರೈಟ್? ಎಕ್ಲಿಪ್ಸ್ ಸ್ನೇಕ್? ದೇ ವುಡ್ ಲಾಫ್ ಅಟ್ ಯು, ಅಪ್ಪಾ," ಎಂದಳು. ನಗಲಿ, ಮಾನ್ಯರೇ. ಕಡತವನ್ನು ತಿದ್ದುವಾಗ ಎಷ್ಟು ಬೇಕಾದರೂ ನಗಲಿ.

ನನಗೆ ಕೋಪ ಬರಬೇಕು ಎಂದು ಕೂಟದ ಸ್ನೇಹಿತರು ಹೇಳುತ್ತಾರೆ. ಮೊದಲ ಎರಡು ತಿಂಗಳು ಅದಕ್ಕಾಗಿ ಕಾದೆ. ಬರಲಿಲ್ಲ. ಸ್ಮಿತಾ ಪಾತ್ರೆ ತೊಳೆಯುತ್ತಾ ಅಳುತ್ತಾಳೆ, ನಾನು ಒರೆಸಿ ಜೋಡಿಸುತ್ತೇನೆ. ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಕೇಳಿಸುವ ಸಂಗೀತ ನನಗೆ ಪೂರ್ತಿ ಬಾಯಿಪಾಠವಾಗಿದೆ. ಒಮ್ಮೆ ಪಾಠ ಹೇಳುವಾಗ ಗುನುಗುತ್ತಿದ್ದೆನಂತೆ. ಶರ್ವಾಣಿ ಕಾಲೇಜಿಗೆ ಈ ಸೆಮಿಸ್ಟರ್ ರಜೆ ಹಾಕಿದ್ದಾಳೆ. ಮೇಜಿನ ಮುಂದೆ ಕೂತು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಟ್ಟು, ಅವು ಹಾಗೇ ತೆರೆದುಕೊಳ್ಳುವುದನ್ನು ನೋಡುತ್ತಾಳೆ. "ನೋವಾ?" ಎಂದರೆ, "ನೋ. ನಥಿಂಗ್," ಎನ್ನುತ್ತಾಳೆ. ನನಗೂ ಅಷ್ಟೇ.

ಹೋದ ವಾರ ನಿಮ್ಮ ಕಚೇರಿಯಿಂದ ಇನ್ನೊಂದು ಪತ್ರ ಬಂತು. ನಾನು ಕೇಳಿದ ಹಾಳೆ ಎಂದುಕೊಂಡು ನಿಂತಲ್ಲೇ ಒಡೆದೆ. ಮಾರ್ಚ್ ಮೊದಲ ಶನಿವಾರ ಬೆಳಿಗ್ಗೆ ಏಳೂವರೆಗೆ ತಿಂಗಳ ಕವಾಯತು. ಪೂರ್ತಿ ಸಮವಸ್ತ್ರದಲ್ಲಿ ಹಾಜರಾಗಬೇಕು. ಬಾರದಿದ್ದರೆ ಗೈರುಹಾಜರಿ ಎಂದು ದಾಖಲಾಗುವುದು. ಅಂದರೆ ಮಾರ್ಚಿನಲ್ಲಿ ಅವಳು ನಿಮ್ಮವಳು. ಸೆಪ್ಟೆಂಬರಿನ ಆ ಬೆಳಿಗ್ಗೆ ಮಾತ್ರ ಅನಾಥೆ. ಹೋಗಬೇಡ ಎಂದಳು ಸ್ಮಿತಾ. "ಐ ಟುಕ್ ಆ್ಯನ್ ಓತ್, ಅಮ್ಮಾ," ಎಂದಳು ಶರ್ವಾಣಿ. ಮನೆಯಲ್ಲಿ ಆ ಆಣೆಯನ್ನು ಇನ್ನೂ ನೆನಪಿಟ್ಟಿರುವವಳು ಅವಳೊಬ್ಬಳೇ. ನಿಮ್ಮ ಕಡೆ ಎಷ್ಟು ಜನ ಎಂದು ತಿಳಿಯದು.

ನನ್ನ ಬೇಡಿಕೆ ಇದು. ಅವಳು ಕರ್ತವ್ಯದಲ್ಲಿದ್ದಳು ಎಂಬ ಹಾಳೆಯನ್ನು ಆ ಶನಿವಾರದೊಳಗೆ ಬರೆಯಿರಿ. ರಾಜ್ಯದ ಹೆಸರಲ್ಲಾದರೂ ಬರೆಯಿರಿ, ಕೇಂದ್ರದ ಹೆಸರಲ್ಲಾದರೂ ಬರೆಸಿರಿ; ಶಸ್ತ್ರಚಿಕಿತ್ಸೆಯ ಕತ್ತರಿಗೆ ಎರಡೂ ಒಂದೇ. "ನಿರಾಕರಿಸಿದ್ದಾಳೆ" ಎಂಬ ಸಾಲನ್ನು ಹೊಡೆದು ಹಾಕಿ ಅಲ್ಲಿ ನನ್ನ ಹೆಸರು ಬರೆಯಿರಿ. ಆ ಬೆಳಿಗ್ಗೆ ಅವಳ ಬಲ ತೋಳಿನ ಗುಂಡಿಯನ್ನು ನಾನು ಹಾಕಿ, ನಾನೇ ಕಾರಿನಲ್ಲಿ ಕರೆತರುತ್ತೇನೆ. ಬಾಗಿಲಿನಲ್ಲಿ ಒಬ್ಬರು ನಿಂತಿರಲಿ. ಅವಳು ಇಳಿಯುವ ಮೊದಲು, ಶರ್ವಾಣಿ ಎಂಬ ಹೆಸರಿನ, ಇಪ್ಪತ್ತೊಂದು ವರ್ಷದ, ಎರಡು ಬೆರಳು ಮಡಚದ ಈ ಸೈನಿಕಳನ್ನು ಇಂಥ ಸರ್ಕಾರ ಪಡೆದುಕೊಂಡಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಹೊತ್ತು ನಮೂದಿಸಿ, ಸಹಿ ಮಾಡಿ ನನ್ನ ಕೈಗೆ ಕೊಡಲಿ. ಮರಳಿನ ಚೀಲಕ್ಕೂ ನೀವು ರಸೀದಿ ಕೊಡುತ್ತೀರಿ. ಚೀಟಿ ಬರುವವರೆಗೆ ಕಾರಿನ ಬಾಗಿಲು ತೆರೆಯುವುದಿಲ್ಲ.

ಇಂತಿ,
ಬಾಗಿಲಲ್ಲಿ ಕಾಯಲಿರುವ
ಮೃತ್ಯುಂಜಯ, ವುಡ್‌ಬ್ರಿಡ್ಜ್
ಶರ್ವಾಣಿಯ ತಂದೆ
(ಈ ಹುದ್ದೆ ನಮ್ಮದಲ್ಲ, ಅವರದು ಎಂದು ನಾನು ಇನ್ನೂ ಯಾರಿಗೂ ಬರೆದಿಲ್ಲ)